ಕಾಕಾ ನಗುವ ಜಾಗ

ಕೈಜಾರಿ ಬಿದ್ದು ಎರಡು ಹೋಳಾಗಿದ್ದ ರಾಳದ ಗಟ್ಟಿಯನ್ನು ಸೊಸೆ ಮೇಣದಬತ್ತಿಯ ಮೇಲೆ ಹಿಡಿದು ಕರಗಿಸುತ್ತಿದ್ದಳು. ಪಿಟೀಲಿನ ಕಮಾನಿಗೆ ತಿಕ್ಕುವ ರಾಳ ಅದು. ಹೊಸದು ಬೆಳಗಾವಿಯಿಂದ ಬರುವವರೆಗೆ ಇದನ್ನೇ ಅಂಟಿಸಿಕೊಂಡು ನಡೆಸುತ್ತೇನೆಂದು ಅವಳ ಹಟ. ನಾನು ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದೆ. ಆ ವಾಸನೆ ಬಾಗಿಲು ದಾಟಿ ಬಂದದ್ದೇ ತಡ, ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಗೋಕಾಕದ ಈ ಮನೆಯಲ್ಲಿ, ನಡು ಮಧ್ಯಾಹ್ನದಲ್ಲಿ, ಕುಲಗೋಡದ ಮೊಹರಮ್ಮಿನ ಹೊಗೆ... ಅಲಾವಿ ದೇವರ ಮುಂದೆ ಕೆಂಡದ ಮೇಲೆ ರಾಳ, ಲೋಬಾನ ಉದುರಿಸಿದಾಗ ಏಳುತ್ತಿದ್ದ ಹೊಗೆ. ಆ ಹೊಗೆಯ ಆಚೆ ಬದಿಗೆ ನಿಂತು, ಒಂದು ಕೈಯನ್ನು ಕಿವಿಗೆ ಕೊಟ್ಟು ನಮ್ಮ ಪಿಂಜಾರ ಕಾಕಾ ಹಾಡುತ್ತಿದ್ದರು.

ಸೊಸೆ ಇಲ್ಲಿಯ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಅದು ಸಾಲದೆಂದು ಈಗ ಫೋನಿನಲ್ಲೇ ಪಾಶ್ಚಾತ್ಯ ಸಂಗೀತದ ಪಾಠಕ್ಕೂ ಸೇರಿಕೊಂಡಿದ್ದಾಳೆ. ಮನೆಯಲ್ಲಿ ಅದರ ಕಾಟ ನನಗೇ ಹೆಚ್ಚು. ಮಗ ಬೆಳಿಗ್ಗೆ ಹೊರಬಿದ್ದರೆ ಸಂಜೆಗೆ ಬರುವವ, ಕೇಳಿಸಿಕೊಳ್ಳಲು ಉಳಿದದ್ದು ನನ್ನ ಕಿವಿಯೊಂದೇ. ಆ ದಿನ ಅವಳು ಬರೆಯಬೇಕಾಗಿದ್ದದ್ದು ವಯೋಲ್ ಎಂಬ ಹಳೆಯ ವಾದ್ಯದ ಬಗ್ಗೆ. ನೂರಾರು ವರ್ಷಗಳ ಹಿಂದೆ ಯುರೋಪಿನ ಮನೆಗಳಲ್ಲಿ ಐದಾರು ಜನ ಸುತ್ತ ಕೂತು, ಸಣ್ಣದರಿಂದ ಹಿಡಿದು ದೊಡ್ಡದರವರೆಗೆ ಒಂದೇ ಕುಲದ ವಾದ್ಯಗಳನ್ನು ಕಾಲುಗಳ ನಡುವೆ ಇಟ್ಟುಕೊಂಡು, ಕಮಾನಿನಿಂದ ನುಡಿಸುತ್ತಿದ್ದರಂತೆ. ಅಂಥ ಒಂದು ಧ್ವನಿಮುದ್ರಣ ಕೇಳಿ ಅದರ ಲಯ, ಶ್ರುತಿ, ಭಾವ ಮೂರನ್ನೂ ಬರೆದು ಕಳಿಸಬೇಕಾಗಿತ್ತು.

"ಲಯ, ಶ್ರುತಿ ನಾ ಬರ್ಕೋತೀನ್ರಿ ಅತ್ತಿ. ಭಾವ ಅಷ್ಟ ನೀವು ಹೇಳ್ರಿ," ಎಂದಳು. ನನ್ನನ್ನು ಸುಮ್ಮನೆ ಕೆಣಕಲು ಹೇಳಿದ ಮಾತು ಅದು. ನಾನೂ ಬಿಡುವವಳಲ್ಲ, ಸೊಪ್ಪಿನ ಮೊರ ಎತ್ತಿಕೊಂಡು ಅವಳ ಮುಂದೆ ಹೋಗಿ ಕೂತೆ.

ಕೇಳಿದೆ. ತಗ್ಗಿನ ದನಿ, ಅವಸರವಿಲ್ಲದ ನಡೆ. ಒಂದು ವಾದ್ಯ ಹೇಳಿದ್ದನ್ನು ಇನ್ನೊಂದು ಸ್ವಲ್ಪ ತಡೆದು ಹೇಳುತ್ತಿತ್ತು, ಮೂರನೆಯದು ಇನ್ನೂ ತಡೆದು. ನಮ್ಮ ಕಡೆಯ ಪಿಟೀಲಿನಂತೆ ಕಿವಿಗೆ ಚುಚ್ಚುವ ದನಿಯಲ್ಲ, ಸ್ವಲ್ಪ ಒರಟು. ಯಾಕೆ ಹಾಗೆ ಎಂದು ಕೇಳಿದರೆ, "ತಂತಿ ಉಕ್ಕಿಂದಲ್ರಿ, ಕುರಿ ಕರುಳಿಂದು," ಎಂದಳು. ಕುರುಬರ ಮನೆಯಲ್ಲಿ ಹುಟ್ಟಿ ಕುರುಬರ ಮನೆಗೇ ಸೊಸೆಯಾಗಿ ಬಂದ ನನಗೆ ಕುರಿಯ ಕರುಳು ಹೊಸದೇನಲ್ಲ.

"ಯಾರೋ ಹೋಗ್ಯಾರ," ಎಂದೆ. "ಎಲ್ಲಾ ಮುಗಿಸಿ ಬಂದು ಮನಿಮಂದಿ ಸುಮ್ಮನ ಕುಂತಾರ. ಭಾವ ಅಂದ್ರ ಅದ. ಬರ್ಕೋ."

ಅವಳು ನಗುತ್ತ ಇನ್ನೊಂದು ಹಾಕಿದಳು. ಅದು ಬೇರೆ ತಂಡದವರದು. ದನಿ ಮೇಲಿತ್ತು, ನಡೆ ಚುರುಕಾಗಿತ್ತು. ಇದು ಬಸುರಿಗೆ ಉಡಿ ತುಂಬುವ ಕುಬಸದ ಮನೆ ಎಂದೆ, ಹೆಂಗಸರು ತಾಟು ಹಿಡಿದು ಓಡಾಡುತ್ತಿದ್ದಾರೆ ಎಂದೆ. ಆಗ ಅವಳು, "ಎರಡೂ ಒಂದ ಹಾಡ್ರಿ ಅತ್ತಿ. ಒಂದ ಸ್ವರ ಸೈತ ಹೆಚ್ಚು ಕಮ್ಮಿ ಇಲ್ಲ. ಅವ್ರು ಶ್ರುತಿ ಇಳಿಸಿ ಸಾವಕಾಶ ನುಡಿಸ್ಯಾರ, ಇವ್ರು ಏರಿಸಿ ಜೋರ ನುಡಿಸ್ಯಾರ, ಅಷ್ಟ," ಎಂದಳು.

ನಾನು ನಗುವುದನ್ನು ಅಲ್ಲಿಗೇ ನಿಲ್ಲಿಸಿದೆ. ಮೂಗಿನಲ್ಲಿ ಇನ್ನೂ ರಾಳದ ವಾಸನೆ ಇತ್ತು. ಕುಲಗೋಡದಿಂದ ಬರುವಾಗ ತಂದು ಟ್ರಂಕಿನಲ್ಲಿ ಹಾಕಿಟ್ಟಿದ್ದ ಒಂದು ಕ್ಯಾಸೆಟ್ಟು ನೆನಪಾಗಿತ್ತು.

ಕುಲಗೋಡದಲ್ಲಿ ಕಾಕಾನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಹುಕ್ಕೇರಿಗೆ ಕೊಟ್ಟು ಒಬ್ಬರೇ ಇದ್ದರು. ಕಸುಬು ಅರಳೆ ಹಿಂಜುವುದು, ಗಾದಿ ತುಂಬುವುದು. ಸೂರಿನಿಂದ ತೂಗುಬಿಟ್ಟ ದೊಡ್ಡ ಬಿಲ್ಲು, ಅದಕ್ಕೆ ಕುರಿಯ ಕರುಳಿನ ಹುರಿ. ಕಟ್ಟಿಗೆಯ ಕೊಡತಿಯಿಂದ ಆ ಹುರಿಯನ್ನು ಮೀಟಿದರೆ ತುಂಯ್ ಎಂದು ಗೋಡೆಯ ಈಚೆಗೆ ನನ್ನ ರೊಟ್ಟಿಯ ಹಂಚಿನವರೆಗೆ ಕೇಳುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅದು ತಲೆನೋವು. ಆಮೇಲೆ ಅದಿಲ್ಲದಿದ್ದರೆ ರೊಟ್ಟಿ ಬಡಿಯಲು ಕೈಯೇ ಏಳುತ್ತಿರಲಿಲ್ಲ.

ಕಾಕಾ ಸಾಧು ಮನುಷ್ಯ ಎಂದೇನೂ ತಿಳಿಯಬೇಡಿ. ತುಂಬಲು ಒಂದು ಗಾದಿ ಕೊಟ್ಟರೆ ಮನೆಯವರು ನೆಲದ ಮೇಲೆ ಮಲಗಿ ಬೇಸತ್ತು ಬೈಯುವವರೆಗೆ ತಿರುಗಿ ಕೊಡುತ್ತಿರಲಿಲ್ಲ. ನನ್ನ ಚಹಾಕ್ಕೆ ದಿನಾ ಕುಂದು ತೆಗೆದು ಹೆಸರಿಡುತ್ತಿದ್ದರು, ದಿನಾ ಬಂದು ಕುಡಿಯುತ್ತಿದ್ದರು. "ಯವ್ವಾ, ಇದಕ ಸಕ್ರಿ ತೋರಿಸಿದ್ಯೋ, ಹಾಕಿದ್ಯೋ?" ಎನ್ನುವುದು ಅವರ ರೂಢಿಯ ಮಾತು. ಕೆಲಸದಲ್ಲಿ, ಊಟದಲ್ಲಿ, ನಡಿಗೆಯಲ್ಲಿ, ಎಲ್ಲದರಲ್ಲೂ ನಿಧಾನ. ಆದರೆ ಹಾಡಿನಲ್ಲಿ ಮಾತ್ರ ಆ ನಿಧಾನ ಸೋಮಾರಿತನವಾಗಿರಲಿಲ್ಲ. ಅದು ಗೊತ್ತಿದ್ದವರಿಗೆ ಗೊತ್ತಿತ್ತು.

ಮೊಹರಮ್ಮಿನಲ್ಲಿ ಕರ್ಬಲಾದ ಬಯಲಿನಲ್ಲಿ ನೀರಿಲ್ಲದೆ ಮಡಿದವರ ಕಥೆಯ ಹಾಡುಗಳನ್ನು ನಮ್ಮ ಕಡೆ ರಿವಾಯತ ಎನ್ನುತ್ತಾರೆ. ಕುರುಬರ ಹುಡುಗರು, ಮುಸಲರ ಹುಡುಗರು ಒಂದೇ ಸುತ್ತಿನಲ್ಲಿ ಹೆಜ್ಜೆ ಹಾಕುತ್ತ ಹಾಡುತ್ತಿದ್ದರು. ಮುಂದಿನ ದನಿ ಕಾಕಾನದು. ಮನೆಯಿಂದ ಹೊರಡುವ ಮೊದಲು ಆ ಬಿಲ್ಲನ್ನೊಮ್ಮೆ ಮೀಟಿ, ಅದರ ದನಿಗೆ ತಮ್ಮ ದನಿ ಕೂಡಿಸಿಕೊಂಡು, ಅದನ್ನೇ ಗುನುಗುತ್ತ ಕೆಂಡ ಹಾಕುವ ಅಲಾವಿ ಕುಣಿಯವರೆಗೆ ಹೋಗುತ್ತಿದ್ದರು. ಥಂಡಿ ಹವೆಯಿದ್ದ ವರ್ಷ ಹುರಿ ಸಡಿಲಾಗಿ ದನಿ ಇಳಿಯುತ್ತಿತ್ತು, ಆ ವರ್ಷದ ಹಾಡೂ ಅಷ್ಟು ತಗ್ಗಿನಲ್ಲಿ. ಹುಡುಗರಿಗೆ ಅವರ ನಡೆ ಸಾಕುಸಾಕಾಗುತ್ತಿತ್ತು. "ಕಾಕಾ, ಈ ಸುತ್ತು ಮುಗಿಯೂದ್ರಾಗ ಬೆಳಗಾಗತೈತ್ರಿ," ಎಂದು ಹಿಂದಿನಿಂದ ಚೇಷ್ಟೆ ಮಾಡುತ್ತಿದ್ದರು. ಕಾಕಾ ಹಾಡು ನಿಲ್ಲಿಸಿ, ತಿರುಗಿ ನೋಡಿ ಹೇಳುತ್ತಿದ್ದರು: "ಅಲ್ಲಿ ಅವ್ರು ನೀರಿಲ್ಲದ ಬಿದ್ದಾರ. ನಿಮಗ್ಯಾಕ ಗಡಬಡಿ?" ಮತ್ತೆ ಸಾಲಿನ ಮೊದಲಿನಿಂದ ಶುರು. ಹೆಂಗಸರು ನಾವು ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆವು. ಇದು ನಮ್ಮ ದೇವರು, ಅದು ನಿಮ್ಮ ದೇವರು ಎಂಬ ಮಾತು ಅಲ್ಲಿ ಬರುತ್ತಿರಲಿಲ್ಲ.

ಎಷ್ಟೋ ವರ್ಷದ ಅರಳೆಯ ಧೂಳು ಕಾಕಾನ ಎದೆಯಲ್ಲಿ ಕೂತಿತ್ತು. ಒಂದು ವರ್ಷ ಕೆಮ್ಮು ಬಹಳ ಹೆಚ್ಚಾಯಿತು. ಬಿಲ್ಲಿನ ದನಿ ಕಡಿಮೆಯಾಗಿ, ಗೋಡೆಯ ಆಚೆಯಿಂದ ಕೆಮ್ಮಿನ ದನಿಯೇ ಕೇಳತೊಡಗಿತು. ನಮ್ಮವರು ಕರೆದುಕೊಂಡು ಹೋಗಿ ಮೂಡಲಗಿಯ ಡಾಕ್ಟರಿಗೆ ತೋರಿಸಿದರು, ಗೋಕಾಕಕ್ಕೂ ಹೋಗಿ ಬಂದದ್ದಾಯಿತು. ಎಲ್ಲರೂ ಒಂದೇ ಮಾತು ಹೇಳಿದರು, ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳಿ ಎಂದು. ಆ ಮಾತಿನ ಅರ್ಥ ಕಾಕಾನಿಗೂ ಆಯಿತು.

ಹುಕ್ಕೇರಿಯಲ್ಲಿ ಮಗಳು ಬಸುರಿ. ಹಿಂದೆ ಎರಡು ಸಲ ನಿಂತದ್ದು ಹೋಗಿಬಿಟ್ಟಿತ್ತು. ಈ ಸಲ ಹೊರಸು ಬಿಟ್ಟು ಏಳಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂಥವಳ ಕಿವಿಗೆ, ನಿಮ್ಮಪ್ಪನಿಗೆ ಭಾಳ ಆರಾಮಿಲ್ಲ ಎಂಬ ಮಾತನ್ನು ಯಾರೋ ಮುಟ್ಟಿಸಿದರು. ಮೊಹರಮ್ಮಿಗೆ ಬಂದೇ ಬರುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ಆ ರಸ್ತೆಗಳಲ್ಲಿ, ಆ ಬಸ್ಸುಗಳಲ್ಲಿ ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಕುಲಗೋಡ... ಮೈಯಲ್ಲಿ ನೆಟ್ಟಗಿದ್ದವರಿಗೇ ಸೊಂಟ ಮುರಿಯುತ್ತಿತ್ತು. ಕಾಕಾ ಎರಡು ದಿನ ಚಹಾಕ್ಕೂ ಬರಲಿಲ್ಲ.

ಮೂರನೆಯ ದಿನ ಸಂಜೆ ಬಂದರು, ಬಿಲ್ಲನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ಅಷ್ಟು ದೂರಕ್ಕೇ ಏದುಸಿರು. ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು, ನಮ್ಮವರು ಶೋಕಿಗೆಂದು ತಂದದ್ದು.

"ಯವ್ವಾ, ನಿನ್ನ ಮಿಷನ್ನಿನಾಗ ನನ್ನ ಒಂದ ಹಾಡ ಹಿಡದು ಕೊಡು," ಎಂದರು. "ಮಗಳಿಗೆ ಕಳಸೋಣು. ಅಪ್ಪ ಹಾಡಾಕತ್ತಾನ ಅಂದ್ರ ಆರಾಮ ಅದಾನಂತ ತಿಳಕೊಂಡು ಅಲ್ಲೇ ಕುಂಡ್ರತಾಳ."

ಕಬ್ಬಿಗೆ ನೀರು ಬಿಡುವ ದಿನಗಳು, ಊರಿಗೆ ಸಂಜೆ ಕರೆಂಟು ಕೊಡುತ್ತಿರಲಿಲ್ಲ. ಸೆಲ್ಲುಗಳು ಮುಗಿಯುತ್ತ ಬಂದಿದ್ದವು. ಮುಗಿದ ಸೆಲ್ಲನ್ನು ಯಾರು ಎಸೆಯುತ್ತಾರೆ? ಮಾಳಿಗೆಯ ಮೇಲೆ ಹಪ್ಪಳದ ಬಾಜೂಕ್ಕೆ ಬಿಸಿಲಿಗಿಟ್ಟು ತಂದರೆ ಇನ್ನಷ್ಟು ದಿನ ನಡೆಯುತ್ತದೆ. ಎಲ್ಲರ ಮನೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ಆ ದಿನವೂ ಬಿಸಿಲುಂಡ ಸೆಲ್ಲುಗಳನ್ನು ಹಾಕಿದೆ. ಕೆಂಪು ದೀಪ ಸಣ್ಣಗೆ ಹತ್ತಿತು. ದೀಪ ಹತ್ತಿತೆಂದರೆ ಮಿಷನ್ನು ಸರಿಯಿದೆ ಎಂದು ನನ್ನ ಲೆಕ್ಕ. ಕಾಕಾ ಬಿಲ್ಲನ್ನು ಮೀಟಿ, ದನಿ ಹಿಡಿದು, ಹಾಡಿದರು. ಮೊದಲಿನ ಕಸುವು ಇರಲಿಲ್ಲ, ನಡೆ ಮೊದಲಿಗಿಂತಲೂ ನಿಧಾನವಾಗಿತ್ತು. ಮುಗಿದಾಗ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ನೀರು ಕೊಟ್ಟೆ.

ಮರುದಿನ ಮಧ್ಯಾಹ್ನ ಕರೆಂಟು ಬಂದಾಗ ಕರೆಂಟಿಗೇ ಹಚ್ಚಿ ಹಾಕಿದೆವು. ಹಾಡು ಬಂತು. ನಿನ್ನೆ ಕಂಬಕ್ಕೆ ಒರಗಿದ್ದ ಮುದುಕನದಲ್ಲ, ಎದೆಯೆತ್ತಿ ನಡೆಯುವ ಪ್ರಾಯದವನ ದನಿ. ಎತ್ತರ, ತೆಳುವು, ಚುರುಕು. ನಾನು ಬೆರಗಾದೆ. ಮಿಷನ್ನಿನ ದನಿಯೇ ಹಾಗಿರುತ್ತದೆ ಎಂದುಕೊಂಡೆ. ರೇಡಿಯೋದಲ್ಲೂ ಎಲ್ಲರೂ ತಮಗಿಂತ ಚೆನ್ನಾಗಿಯೇ ಕೇಳಿಸುತ್ತಾರಲ್ಲ.

ಕಾಕಾ ಮತ್ತೊಮ್ಮೆ ಮೊದಲಿನಿಂದ ಹಾಕು ಎಂದು ಕೈಸನ್ನೆ ಮಾಡಿದರು. ಹಾಡಿಗೆ ಮುಂಚೆ ಅವರು ಮೀಟಿದ ಬಿಲ್ಲಿನ ದನಿಯೂ ಅದರಲ್ಲಿ ಬಂದಿತ್ತು. ಅದನ್ನು ಕೇಳಿ, ಬಾಜೂಕ್ಕಿದ್ದ ಬಿಲ್ಲನ್ನು ಎಳೆದುಕೊಂಡು ಮೀಟಿದರು. ಟೇಪಿನದು ಮೇಲೆ, ಕೈಯಲ್ಲಿದ್ದದ್ದು ಕೆಳಗೆ. ಮತ್ತೊಮ್ಮೆ ಮೀಟಿದರು. ಹುರಿಯ ಮೇಲೆ ಅಂಗೈಯಿಟ್ಟು ದನಿ ಅಡಗಿಸಿ, ಬಹಳ ಹೊತ್ತು ಮಿಷನ್ನನ್ನೇ ನೋಡುತ್ತ ಕೂತರು. ಹುರಿ ಸಡಿಲಾಗಿದೆಯೋ ಏನೋ ನೋಡುತ್ತಿದ್ದಾರೆ ಎಂದು ನಾನು ತಿಳಿದೆ.

"ಮತ್ತೊಮ್ಮೆ ಹಿಡಿಯೋಣೇನ್ರಿ ಕಾಕಾ?" ಎಂದು ಕೇಳಿದೆ. "ಮೂಡಲಗಿಯಿಂದ ಹೊಸಾ ಸೆಲ್ಲ ತರಸ್ತೀನಿ."

"ಬ್ಯಾಡ. ಇದ ಇರ್ಲಿ. ಇದನ್ನ ಕಳಸು," ಎಂದರು. ಬಾಗಿಲವರೆಗೆ ಹೋದವರು ನಿಂತರು. "ಯಾರ ಕೇಳಿದ್ರೂ, ಕಾಕಾ ಹಿಂಗ ಹಾಡ್ತಾನಂತ ಹೇಳವ್ವ."

ಹುಕ್ಕೇರಿ ಸಂತೆಗೆ ಹೊರಟಿದ್ದ ನಮ್ಮವರ ಕೈಯಲ್ಲಿ ಕ್ಯಾಸೆಟ್ಟು ಹೋಯಿತು. ಅದಕ್ಕೂ ಮೊದಲು ಅದರದೊಂದು ನಕಲು ಮಾಡಿಸಿ ನಾನು ಇಟ್ಟುಕೊಂಡೆ. ಹಾಡು ಕೇಳಿ ಮಗಳು ಹೊರಸು ಬಿಟ್ಟು ಏಳಲಿಲ್ಲ. ಮೊಹರಮ್ಮಿಗೆ ಬರಲಿಲ್ಲ. ಕಾಕಾ ಮೊಹರಮ್ಮು ದಾಟಿಸಿದರು, ಮುಂದಿನ ತಿಂಗಳು ದಾಟಿಸಲಿಲ್ಲ. ಅವಳಿಗೆ ಹೆರಿಗೆಯಾಗಿ ಗಂಡು ಕೂಸು ಕೈಗೆ ಬಂದ ಮೇಲೆ ಸುದ್ದಿ ಹೇಳಿದರು. ಗಟ್ಟಿಮುಟ್ಟಾಗಿದ್ದ ಮನುಷ್ಯ ಒಮ್ಮೆಲೇ ಹೋದ ಎಂದು ಹೇಳಿದರು. ಊರಿಗೆ ಊರೇ ಆ ಮಾತಿಗೆ ಒಪ್ಪಿಕೊಂಡಿತ್ತು. ಕೂಸಿನ ಸಲುವಾಗಿ ಆಡಿದ ಸುಳ್ಳು ಅದು. ಆಗ ನನಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ.

ಹಾಡಿಗೆ ಮಾತ್ರ ಬೇರೆಯೇ ಗತಿಯಾಯಿತು. ಕಾಕಾನಂತೆ ಮುಂದೆ ನಿಂತು ಹಾಡುವವರು ಇಲ್ಲದಾಗ ಹುಡುಗರು ನನ್ನ ಕ್ಯಾಸೆಟ್ಟು ಒಯ್ದರು. ಅದನ್ನೇ ಕೇಳಿ ಕಲಿತರು. ಕಾಕಾ ಇಷ್ಟು ಜೋರಾಗಿ ಹಾಡುತ್ತಿದ್ದರೇ ಎಂದು ಒಂದಿಬ್ಬರು ಹಿರಿಯರು ಹುಬ್ಬೇರಿಸಿದರು. ನಾನು, ಕೊಟ್ಟ ಮಾತಿನಂತೆ, "ಹೌದ್ರಿ, ಕಾಕಾ ಹಿಂಗ ಹಾಡ್ತಿದ್ರು," ಎಂದೆ. ಕ್ಯಾಸೆಟ್ಟಿನಿಂದ ಫೋನಿಗೆ ಬಂತು, ಫೋನಿನಿಂದ ಮಸಗುಪ್ಪಿಗೆ ಹೋಯಿತು, ಅಲ್ಲಿಂದ ಇನ್ನೆಲ್ಲಿಗೋ. ಈಗ ಆ ಧಾಟಿಗೆ ದೊಡ್ಡ ದೊಡ್ಡ ಸ್ಪೀಕರು ಹಚ್ಚಿ ಹುಡುಗರು ಕುಣಿಯುತ್ತಾರೆ. ಕಣ್ಣೊರೆಸಿಕೊಳ್ಳುವವರು ಯಾರೂ ಇಲ್ಲ.

ಇಷ್ಟೆಲ್ಲ ಸೊಸೆಗೆ ಹೇಳಿದೆ. ಅವಳು ಎದ್ದು ಟ್ರಂಕು ತೆಗೆದಳು. ಕ್ಯಾಸೆಟ್ಟು ಹಾಡಿಸುವ ಯಂತ್ರವನ್ನು ಅವಳ ಶಾಲೆಯಿಂದ ತಂದದ್ದು ಮರುದಿನ. ಹಾಡನ್ನು ಫೋನಿಗೆ ಇಳಿಸಿಕೊಂಡಳು. ಸೆಲ್ಲು ಸೋತಿದ್ದರೆ ಹಾಡು ಹಿಡಿಯುವಾಗ ಟೇಪು ನಿಧಾನ ತಿರುಗಿರುತ್ತದೆ, ಆಮೇಲೆ ಕರೆಂಟಿನಲ್ಲಿ ಹಾಕಿದರೆ ಲಯವೂ ಏರುತ್ತದೆ, ಶ್ರುತಿಯೂ ಏರುತ್ತದೆ ಎಂದು ತಿಳಿಸಿ ಹೇಳಿದಳು. "ಎಷ್ಟ ಇಳಸ್ಬೇಕಂತ ನನಗ ಗೊತ್ತಾಗೂದಿಲ್ರಿ. ನೀವ ಹೇಳ್ಬೇಕು."

ಅವಳು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದಳು. ಇನ್ನೂ, ಎಂದೆ. ಇನ್ನೂ ಸ್ವಲ್ಪ. ಒಂದು ಕಡೆ ಬಹಳ ಇಳಿದು ಯಾರೋ ಗುರುತಿಲ್ಲದವರ ದನಿಯಾಯಿತು. ಒಂದು ಎಳೆಯಷ್ಟು ಏರಿಸು ಎಂದೆ. ಏರಿಸಿದಳು. ಆಗ ಬಂದರು... ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕಾಲು ಮಡಚಿ, ನಮ್ಮ ಪಡಸಾಲೆಯಲ್ಲಿ ಕೂತ ಕಾಕಾ. ಬಿಲ್ಲಿನ ತುಂಯ್ ಕೂಡ ನನ್ನ ರೊಟ್ಟಿಯ ಹಂಚಿನವರೆಗೆ ಬರುತ್ತಿದ್ದ ಅದೇ ದಪ್ಪ ದನಿ. ಸೊಸೆಯ ಕೈ ಹಿಡಿದುಕೊಂಡೆ. ಬಹಳ ಅತ್ತೆ, ನಾಚಿಕೆ ಬಿಟ್ಟು ಅತ್ತೆ.

ಮೂರನೆಯ ನುಡಿಯಲ್ಲಿ, ಕೂಸು ನೀರು ಕೇಳುವ ಸಾಲಿನಲ್ಲಿ, ಹಾಡು ಮುರಿಯುತ್ತದೆ. ಉಸಿರು ಸಿಕ್ಕದೆ ಎದೆ ಎರಡು ಮೂರು ಸಲ ಗಕ್ಕೆನ್ನುತ್ತದೆ. ಮುಳುಗುವವನು ಮೇಲೆ ಬಂದಂಥ ದನಿ. ಆಮೇಲೆ ಕಾಕಾ ಆ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾರೆ, ಅವಸರವಿಲ್ಲದೆ.

ಅಂದು ಅವರು ಬಿಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಕೂತದ್ದು ಯಾಕೆಂದು ಈಗ ನನಗೆ ತಿಳಿಯಿತು. ಕಿವಿ ಇದ್ದವರು ಅವರು. ಹಾಡಿನ ನಡೆ ಕೆಟ್ಟಿದೆ, ಅಳು ಹೋಗಿದೆ ಎಂದು ಮೊದಲ ಸಲಕ್ಕೇ ತಿಳಿದಿತ್ತು. ಸರಿಯಾಗಿ ಹಿಡಿದು ಕಳಿಸಿದರೆ ಮಗಳು ಅರ್ಧ ಸಾಲಿಗೇ ಎದ್ದು ಬಸ್ಸು ಹತ್ತುತ್ತಾಳೆ ಎಂಬುದೂ ತಿಳಿದಿತ್ತು. ಜನ್ಮವಿಡೀ ಯಾರನ್ನೂ ಅವಸರ ಮಾಡಗೊಡದ ಮನುಷ್ಯ, ತನ್ನ ಹಾಡು ಓಡುವುದನ್ನು ನೋಡಿ, ಓಡಲಿ ಎಂದು ಬಿಟ್ಟುಕೊಟ್ಟಿದ್ದರು.

ಅಂದಿನಿಂದ ನನಗೆ ಸಮಾಧಾನವಿಲ್ಲ. ತಪ್ಪು ಮಾಡಿದವರಿಗೆ ಮಾತ್ರ ಮನಸ್ಸು ಕುಟುಕುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕಿವಿಗೆ ಫೋನು ಹಿಡಿದು ಕಾಕಾನ ಖರೆ ದನಿ ಕೇಳುತ್ತ ಕೂರುತ್ತೇನೆ, ಕೇಳುತ್ತಿರುವಾಗಲೇ ಇನ್ನೊಬ್ಬರ ಡಬ್ಬಿಯಿಂದ ತೆಗೆದು ತಿಂದಂತೆ ಅನಿಸುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹತ್ತಿರ ಅಪ್ಪನ ದನಿ ಇಲ್ಲ. ಗೋಡೆಯಾಚೆಯ ನನ್ನ ಹತ್ತಿರ ಇದೆ. ಕೊಟ್ಟರೆ, ಅಪ್ಪ ಆ ಸ್ಥಿತಿಯಲ್ಲಿದ್ದಾಗ ತಾನು ಹೊರಸಿನ ಮೇಲೆ ಮಲಗಿ ಅವನ ಹಾಡು ಕೇಳಿ ಖುಷಿಪಟ್ಟೆನಲ್ಲ ಎಂದು 
ಅವಳು ಕೊರಗುತ್ತಾಳೆ. ಕೊಡದಿದ್ದರೆ ನಾನು ಕೊರಗುತ್ತೇನೆ.

"ಅವ್ರ ಅಪ್ಪನ ದನಿ ಅವ್ರಿಗೆ ಸೇರಬೇಕ್ರಿ ಅತ್ತಿ," ಎಂದು ಸೊಸೆ ಖಡಾಖಂಡಿತ ಹೇಳಿದಳು. ಅವಳ ಮಾತು ಸರಿ. ಹೋದ ತಿಂಗಳು ಹುಕ್ಕೇರಿ ಬಸ್ಸು ಹತ್ತಿದೆ. ನಿಡಸೋಸಿ ಕಾಲೇಜಿನ ಹುಡುಗರು ಬಸ್ಸಿನ ತುಂಬ ಇದ್ದರು, ಒಬ್ಬ ಎದ್ದು ಜಾಗ ಕೊಟ್ಟ. ದಾರಿಯುದ್ದಕ್ಕೂ ಮೊದಲು ಏನು ಹೇಳಬೇಕು, ಆಮೇಲೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡೆ.

ಕಾಕಾನ ಮಗಳಿಗೂ ಈಗ ತಲೆ ನೆರೆತಿದೆ. "ಬರ್ರಿ ವೈನಿ, ದಾರಿ ತಪ್ಪಿ ಬಂದ್ರೇನು?" ಎಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ಆಗ ಹೊಟ್ಟೆಯಲ್ಲಿದ್ದ ಮಗ ಈಗ ಗಾದಿಯ ಅಂಗಡಿ ಇಟ್ಟಿದ್ದಾನೆ, ಹಿಂಜಲು ಮಿಷನ್ನು ಇದೆ. ಚಹಾ ಬಂತು. ಕಾಕಾನ ಮಾತು ತೆಗೆಯಲು ನಾನು ದನಿ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳೇ ಫೋನು ತೆಗೆದಳು.

"ನೀವು ಬಂದೀರಿ, ಅಪ್ಪನ್ನ ಕೇಳೋಣು," ಎಂದು ಹಾಡು ಹಚ್ಚಿದಳು. ಅದೇ ಎತ್ತರದ, ತೆಳುವಾದ, ಓಡುವ ದನಿ. ಮಗ ಅಂಗಡಿಯಿಂದಲೇ ಜೊತೆಗೆ ಹಾಡಿದ. ಅವನಿಗೆ ಕಂಠವಿದೆ. ಮೂರನೆಯ ನುಡಿ ಬಂತು. ಅವಳು ಬೆರಳೆತ್ತಿ, "ಇಲ್ಲೇ ನೋಡ್ರಿ, ಇಲ್ಲೇ ನಗ್ತಾನ," ಎಂದಳು.

ನಗುವೇ ಆಗಿತ್ತು. ಆ ಓಟದಲ್ಲಿ, ಆ ಎತ್ತರದಲ್ಲಿ, ಉಸಿರು ಸಿಕ್ಕದ ಆ ಎದೆಯ ಸದ್ದು ಕಿಲಕ್ಕನೆ ನಕ್ಕಂತೆಯೇ ಕೇಳುತ್ತಿತ್ತು. ಅವಳು ಹಿಂದಕ್ಕೆ ಎಳೆದು ಮತ್ತೊಮ್ಮೆ ಹಾಕಿದಳು, ತಾನೂ ನಕ್ಕಳು.

"ಹೊರಸಿನ ಮ್ಯಾಲ ಮಕ್ಕೊಂಡು ದಿನಾ ಈ ಜಾಗ ಕೇಳ್ತಿದ್ನಿರಿ ವೈನಿ. ಅಪ್ಪ ನಗಾಕತ್ತಾನ, ನಾ ಯಾಕ ಅಳ್ಲಿ ಅಂತ ಗಟ್ಟಿ ಆಗ್ತಿದ್ನಿ. ಇಲ್ಲಂದ್ರ ಇಂವ ಉಳೀತಿದ್ದಿಲ್ಲ." ಅಂಗಡಿಯ ಕಡೆಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ಹಾಡೂವಾಗ ನೀವ ಬಾಜೂಕ ಇದ್ರಿ, ಅಲ್ರಿ? ನೀರಿಲ್ಲದ ಕೂಸಿನ ಸಾಲಿನಾಗ ಅವಾ ಯಾಕ ನಕ್ಕ? ಎಷ್ಟೋ ವರ್ಷದಿಂದ ಕೇಳ್ಬೇಕಂತ ಮಾಡೀನಿ," ಎಂದಳು.

ನನ್ನ ಫೋನು ಚೀಲದಲ್ಲಿತ್ತು, ಚೀಲ ತೊಡೆಯ ಮೇಲಿತ್ತು. ಚೀಲದ ಬಾಯಿಯನ್ನು ಮುಚ್ಚಿ ಹಿಡಿದೆ.

"ಒಂದ ಕುರಿಮರಿ ಬಂತವ್ವ," ಎಂದೆ. "ಹಿಂದಿಂದ ಬಂದು ಅವ್ರ ಟೊಪ್ಪಿಗಿ ಕಚ್ಚಿ ಎಳೀತು. ಹಾಡ ಬಿಡೂ ಹಂಗಿಲ್ಲ, ಟೊಪ್ಪಿಗಿ ಬಿಡೂ ಹಂಗಿಲ್ಲ. ನಗಿ ತಡಕೊಳ್ಳಾಕ ಆಗಲಿಲ್ಲ ಅವ್ರಿಗೆ."

ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಗನನ್ನು ಅಂಗಡಿಯಿಂದ ಕರೆದು, ಮತ್ತೊಮ್ಮೆ ಹೇಳ್ರಿ ಎಂದಳು. ಹೇಳಿದೆ. ಎರಡನೆಯ ಸಲಕ್ಕೆ ಮರಿ ಟೊಪ್ಪಿಗೆ ಹಿಡಿದು ಅಂಗಳಕ್ಕೂ ಓಡಿತು. ನಾನೂ ಅವರ ಜೊತೆ ನಕ್ಕೆ. ನನ್ನ ಬಾಯಿಯೇ ನನಗೆ ಹೇಸಿಕೆಯಾಯಿತು, ಆದರೂ ನಕ್ಕೆ.

ಮನೆಗೆ ಬಂದಾಗ ಸೊಸೆ, "ಕೊಟ್ರಿ?" ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.  ಕಾಕಾ ಇಲ್ಲ, ಅವರ ಬಿಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ, ಆ ನಿಧಾನದ ನಡೆಯನ್ನು ಕೇಳಿದವರು ಕುಲಗೋಡದಲ್ಲಿ ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಉಳಿದದ್ದು ನನ್ನ ಫೋನಿನಲ್ಲಿದೆ. ನಾನು ಹೋದ ಮೇಲೆ ಅದು ಏನೆಂದು ಯಾರಿಗೂ ತಿಳಿಯುವುದಿಲ್ಲ.

ಮೊನ್ನೆ ಹುಕ್ಕೇರಿಯಿಂದ ಅವಳ ಫೋನು ಬಂದಿತ್ತು. ಈಗಷ್ಟೇ ಮಾತು ಕಲಿತ ಮೊಮ್ಮಗಳು, ಹಾಡು ಹಾಕಿದರೆ ಆ ಜಾಗ ಬರುವ ಮೊದಲೇ ಮರಿ ಬಂತು, ಮರಿ ಬಂತು ಎಂದು ಚಪ್ಪಾಳೆ ತಟ್ಟುತ್ತಾಳಂತೆ. "ಮರಿ ಯಾವ ಬಣ್ಣದ್ದಿತ್ತು ಅಂತ ಜೀವಾ ತಿನ್ನಾಕತ್ತಾಳ್ರಿ ವೈನಿ. ನೀವ ಹೇಳ್ರಿ ಅಕಿಗೆ," ಎಂದು ಫೋನನ್ನು ಕೂಸಿನ ಕೈಗೆ ಕೊಟ್ಟಳು. ಕರೀದು ಇತ್ತವ್ವ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ ಇತ್ತು ಎಂದು ಹೇಳಿದೆ.

ಕಾಕಾ ಹಾಡಿದ ಆ ವರ್ಷ ನಮ್ಮ ಕುರಿಗಳೆಲ್ಲ ಮೇಯಲು ಹೊಳೆಯಾಚೆಗೆ ಹೋಗಿದ್ದವು. ಕುಲಗೋಡದ ಮನೆಯಲ್ಲಿ ಒಂದು ಮರಿಯೂ ಇರಲಿಲ್ಲ.